ರಸವರ್ಣಗಳೂ ಬಾಲಚಿತ್ರಶಿಕ್ಷಣವೂ

ವರ್ಣಕ್ಕೂ ಚಿತ್ತವೃತ್ತಿಗೂ ಸಂಬಂಧವುಂಟೆಂಬುದನ್ನು ಭಾರತೀಯ ಶಾಸ್ತ್ರಕಾರರು ಬಹು ಪ್ರಾಚೀನಕಾಲದಲ್ಲಿಯೇ ಮನಗಂಡಿದ್ದರು. ಭರತಮುನಿಯು ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಕಪೋತವರ್ಣ, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲ, ಅದ್ಭುತಕ್ಕೆ ಹಳದಿ ಎಂದು ವಿಧಿಸಿರುವನು. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಶಾಂತವನ್ನೂ ಕೂಡಿಸಿಕೊಂಡು ಚಿತ್ರಕ್ಕೆ ಒಂಬತ್ತು ರಸಗಳನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ನೋಡಿದೊಡನೆಯೇ ಶೃಂಗಾರಾದಿ ರಸಗಳು ತಿಳಿದುಬರುವ ಚಿತ್ರಕ್ಕೆ 'ಭಾವಚಿತ್ರ'ವೆಂಬ ಹೆಸರಿದೆ. ಈಗ ವ್ಯಕ್ತಿಯ ಪಟಕ್ಕೆ ಸಲ್ಲುವ ಈ ಶಬ್ದದ ಹಳೆಯ ಅರ್ಥವು ಗಮನಾರ್ಹವಾದುದು.

ಆದರೆ ಈ ವಿಧಿಗಳು ಹೊರಟದ್ದು ನುರಿತ ನಟನಿಗೂ ಚಿತ್ರಕನಿಗೂ ಹೊರತು ಬಾಲಕರಿಗಲ್ಲ. ಬಾಲಕನು ತನ್ನ ಮನಸ್ಸನ್ನು ಬಣ್ಣದಲ್ಲಿ ತೋಡಿಕೊಳ್ಳಬಹುದೆಂಬ ವಿಚಾರವು ಶಿಕ್ಷಣಕ್ರಮದೊಳಗೆ ಬಂದುದು ಈಚೆಗೆ. 19ನೆಯ ಶತಮಾನದ ಯೂರೋಪಿನ ಶಾಲೆಗಳಲ್ಲಿ ಚಿತ್ರಪಾಠವೆಂದರೆ ಬಹುಮಟ್ಟಿಗೆ ಮಾದರಿಯನ್ನು ನೋಡಿ ರೇಖೆ ತಿದ್ದುವುದೇ ಆಗಿದ್ದಿತು. 1897ರಲ್ಲಿ ವಿಯೆನ್ನಾ ನಗರದಲ್ಲಿ ಫ್ರಾಂಟ್ಸ್ ಚಿಜೆಕ್ ಎಂಬಾತನು ಬಾಲಕಲಾವರ್ಗವನ್ನು ತೆರೆದು, ಮಕ್ಕಳು ತಮ್ಮ ಕಲ್ಪನೆಯಿಂದಲೇ ಬರೆಯುವಂತೆ ಬಿಟ್ಟನು. ಇಂಗ್ಲೆಂಡಿನ ಡಡ್ಲಿ ಪಟ್ಟಣದ ಬಾಲಿಕಾಶಾಲೆಯಲ್ಲಿ 1912ರಿಂದ ಕಲಿಸಿದ ಮೇರಿಯನ್ ರಿಚರ್ಡ್‌ಸನ್ ಎಂಬಾಕೆಯು, ಹುಡುಗಿಯರು ಕಣ್ಮುಚ್ಚಿ ಕುಳಿತು ಒಳಗಣ್ಣಿಗೆ ತೋರಿದ ರೂಪವನ್ನೂ ವರ್ಣವನ್ನೂ ಚಿತ್ರಿಸುವ ಅಭ್ಯಾಸವನ್ನು ಬಳಕೆಗೆ ತಂದಳು. ಭಾರತದಲ್ಲಿ, ಶಾಂತಿನಿಕೇತನದ ಕಲಾಭವನದಲ್ಲಿ ಕಲಿತ ದೇವಿಪ್ರಸಾದರು 1944ರಲ್ಲಿ ಸೇವಾಗ್ರಾಮಕ್ಕೆ ಬಂದು, ನಯೀ ತಾಲೀಮಿನ ಶಾಲೆಯ ಮಕ್ಕಳಿಗೆ ಚಿತ್ರಕಲೆಯನ್ನು ಬೋಧಿಸಿದರು. ಕಲೆಯೇ ಶಿಕ್ಷಣಕ್ಕೆ ತಳಹದಿಯೆಂಬುದು ಅವರ ಮತ.

ಹಾಗಾದರೆ ಭರತನ ಪಟ್ಟಿಕೆಯನ್ನು ಬಾಲಕರಿಗೆ ಕಲಿಸಬೇಕೆ? ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಲಾಗದು. ಮುನಿಯು ವರ್ಣವನ್ನು ವಿಧಿಸಿದ್ದು ರಸಕ್ಕೆ, ಸ್ಥಾಯಿಭಾವಕ್ಕಲ್ಲ. ಅಭಿನವಗುಪ್ತಾದಿಗಳ ಮತದಂತೆ ರಸವು ಸಾಧಾರಣೀಕೃತವಾದುದು, ಸಹೃದಯರೆಲ್ಲರಿಗೂ ಸಮಾನವಾದುದು. ಮಗುವಿನ ಶೋಕವಾದರೋ ಲೌಕಿಕವಾದುದು, ಅದೊಂದಕ್ಕೇ ಸೇರಿದುದು. ಅಲ್ಲದೆ ವರ್ಣಸಂಕೇತವು ಒಂದೇ ದೇಶದಲ್ಲಿಯೂ ಏಕರೂಪವಾಗಿಲ್ಲ. ರಂಗದಲ್ಲಿ ಹಾಸ್ಯಕ್ಕೆ ಹೇಳಿದ ಬಿಳುಪೇ ಲೋಕಾಚಾರದಲ್ಲಿ ಅನೇಕರಿಗೆ ವೈಧವ್ಯದ ಗುರುತಾಗಿದ್ದಿತು. ಯೂರೋಪಿನಲ್ಲಿ ಶೋಕಕ್ಕೆ ಕಪ್ಪೇ ರೂಢಿ. ಆದುದರಿಂದ ಶೋಕವನ್ನು ಹಳದಿಯಲ್ಲಿ ಬರೆದ ಬಾಲಕನು ಶಾಸ್ತ್ರವನ್ನು ಮೀರಿದವನಲ್ಲ. ಅವನನ್ನು ತಿದ್ದುವ ಗುರುವೇ ಶಾಸ್ತ್ರದ ವಿಷಯವನ್ನು ತಪ್ಪಾಗಿ ಗ್ರಹಿಸಿದವನು. ಆ ಪಟ್ಟಿಕೆಯನ್ನು ಮೊದಲೇ ಕಂಠಪಾಠ ಮಾಡಿಸಿದರೆ ಮಗುವು ಭರತನ ಕರುಣವನ್ನು ಬರೆಯುವುದು. ಅದರ ಸ್ವಂತ ದುಃಖವು ಒಳಗೇ ಉಳಿದುಹೋಗುವುದು.

ಅಷ್ಟರಿಂದಲೇ ಶಾಸ್ತ್ರವು ನಿಷ್ಪ್ರಯೋಜಕವೆಂದಾಗದು. ಸ್ವಾತಂತ್ರ್ಯವೂ ಒಂದು ರೂಢಿಯಾಗಬಹುದು. ಚಿಜೆಕನ ಶಿಷ್ಯರ ಚಿತ್ರಗಳಲ್ಲಿ ಒಂದೇ ಬಗೆಯ ಶೈಲಿಯು ಎದ್ದು ಕಾಣುವುದೆಂದು ವಿಮರ್ಶಕರು ಆಕ್ಷೇಪಿಸಿರುವರು. ಮೊದಲು ಭಾವಕ್ಕೆ ಎಡೆಗೊಟ್ಟು, ವಯಸ್ಸು ಬಲಿತ ಬಳಿಕ ರಸವರ್ಣಗಳನ್ನು ತಿಳಿಸುವುದೇ ಯುಕ್ತವಾದ ಕ್ರಮವು. ಭಾವದಿಂದ ರಸವೆಂಬುದು ಭರತನು ತೋರಿದ ಮಾರ್ಗವೇ ಆಗಿದೆ.