ಬೈಕಲಾದ ಆಂಗ್ಲ ವಸತಿಶಾಲೆ: ಒಂದು ಐತಿಹಾಸಿಕ ವಿವೇಚನೆ

ಆಂಗ್ಲರ ಪುರಾತನ ವಸತಿಶಾಲೆ ಎಂದೊಡನೆ ಶ್ರೀಮಂತ ಕುಲಗಳ ಕುಮಾರರು, ವಿಶಾಲವಾದ ಕ್ರೀಡಾಂಗಣ, ಆಡಳಿತದ ಗದ್ದುಗೆಗೆ ಏರಿಸುವ ಸೋಪಾನ, ಇವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ 1382ರಲ್ಲಿ ಸ್ಥಾಪಿತವಾದ ವಿಂಚೆಸ್ಟರ್ ಆಗಲಿ, 1440ರಲ್ಲಿ ಆರನೆಯ ಹೆನ್ರಿ ದೊರೆ ಸ್ಥಾಪಿಸಿದ ಈಟನ್ ಆಗಲಿ ಮೊದಲು ತಲಾ 70 ಮಂದಿ ಬಡ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಧರ್ಮಸಂಸ್ಥೆಗಳೇ ಆಗಿದ್ದುವು. ಸಿರಿವಂತರು ಅಲ್ಲಿ ನೆಲೆಯೂರಿದುದು ತದನಂತರದ ಸಂಗತಿ. ಮುಂಬಯಿಯ ಆಂಗ್ಲ ವಸತಿಶಾಲೆಯ ಇತಿಹಾಸವನ್ನು ಪರಿಶೀಲಿಸುವವರು ಈ ಮಾತನ್ನು ನೆನಪಿನಲ್ಲಿಡಬೇಕು.

1718ರಲ್ಲಿ, ಕೋಟೆಯೊಳಗಣ ಸಂತ ಥಾಮಸರ ಇಗರ್ಜಿಯು ಪೂರ್ಣಗೊಂಡ ಕಾಲದಲ್ಲಿಯೇ, ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾದ ರಿಚರ್ಡ್ ಕಾಬ್ ಎಂಬಾತನು 12 ಮಂದಿ ಬಡ ಹುಡುಗರಿಗೆ ಅನ್ನ, ವಸ್ತ್ರ, ವಸತಿಗಳನ್ನಿತ್ತು ಓದಿಸುವ ಒಂದು ಧರ್ಮಶಾಲೆಯನ್ನು ತೆರೆದನು. ಇದ್ದವನು ಒಬ್ಬನೇ ಉಪಾಧ್ಯಾಯ. ಸುಮಾರು ಒಂದು ಶತಮಾನ ಇದು ಅಲ್ಪಪ್ರಮಾಣದಲ್ಲಿಯೇ ಸಾಗಿತು. ಮುಂಬಯಿಯ ಪ್ರಥಮ ಆರ್ಚ್‌ಡೀಕನ್ ಆಗಿ ಬಂದ ಜಾರ್ಜ್ ಬಾರ್ನ್ಸ್, ಸೈನಿಕರ ಅನಾಥ ಮಕ್ಕಳ ದುರವಸ್ಥೆಯನ್ನು ಕಂಡು, 1815ರಲ್ಲಿ ಬಾಂಬೆ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿದ ಮೇಲೆ ಆ ಹಳೆಯ ಶಾಲೆಯೂ ಅದರ ಆಶ್ರಯಕ್ಕೆ ಬಂದಿತು. 1825ರಲ್ಲಿ ಶಾಲೆಯು ಕೋಟೆಯ ಇಕ್ಕಟ್ಟನ್ನು ಬಿಟ್ಟು, ಅಂದು ಊರ ಹೊರಗಿನ ಪ್ರದೇಶವೆನಿಸಿದ್ದ ಬೈಕಲಾದಲ್ಲಿ ತನ್ನದೇ ಕಟ್ಟಡಗಳನ್ನು ಸೇರಿತು. ಹುಡುಗರಿಗೂ ಹುಡುಗಿಯರಿಗೂ ಅಲ್ಲಿ ವಸತಿಯಿತ್ತು.

ಬೋಧನಕ್ರಮದ ವಿಷಯವು ಇದಕ್ಕಿಂತಲೂ ಸ್ವಾರಸ್ಯವಾದುದು. ಸೊಸೈಟಿಯು ಅಂಗೀಕರಿಸಿದುದು ‘ಮದರಾಸು ಪದ್ಧತಿ’ ಎಂದು ಖ್ಯಾತವಾದ ಕ್ರಮವನ್ನು. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕ ಅನಾಥಾಲಯದ ಮೇಲ್ವಿಚಾರಕನಾದ ಆಂಡ್ರ್ಯೂ ಬೆಲ್, ದೇಶೀಯ ಜಗಲಿಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡು ಅದನ್ನು ತನ್ನಲ್ಲಿಗೆ ತಂದನು. ಹಿರಿಯ ವಿದ್ಯಾರ್ಥಿಯು ಕಿರಿಯರಿಗೆ ಪಾಠ ಹೇಳುವ ಏರ್ಪಾಡನ್ನು ಅದಕ್ಕೆ ಜೋಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದನು. ಆಂಗ್ಲ ದೇಶದ ಬಡವರ ಶಾಲೆಗಳಲ್ಲೆಲ್ಲ ಹಬ್ಬಿ ಮನ್ನಣೆ ಗಳಿಸಿದ ಆ ಪದ್ಧತಿಯೇ ಮರಳಿ ಹಡಗನ್ನೇರಿ ಮುಂಬಯಿಗೆ ಬಂದಿಳಿಯಿತು. ನಮ್ಮ ಐಗಳ ಮಠಗಳಲ್ಲಿ ಮರಳಿನ ಮೇಲೆ ಓನಾಮ ತಿದ್ದಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಆದುದರಿಂದ ಬೈಕಲಾದ ಶಾಲೆಯನ್ನು ಈಟನ್ನಿನ ಪ್ರತಿಬಿಂಬವೆಂದು ವರ್ಣಿಸುವುದು ಸಾಧುವಲ್ಲ. ಅದರ ಆಡಳಿತ ಆಂಗ್ಲರದು, ಮತ ಆಂಗ್ಲಿಕನ್, ಪಾಠ ಹೇಳುವ ರೀತಿಯ ಬೇರು ಮಾತ್ರ ದಕ್ಷಿಣದೇಶದ ಜಗಲಿಯಲ್ಲಿದೆ ಎಂಬುದೇ ನನ್ನ ಅಭಿಪ್ರಾಯ.

ದೇಶೀಯರ ಶಿಕ್ಷಣವನ್ನೂ ಸೊಸೈಟಿಯು ಕೆಲಕಾಲ ಕೈಗೆತ್ತಿಕೊಂಡಿತ್ತು. 1820ರಲ್ಲಿ, ಎಲ್ಫಿನ್‌ಸ್ಟನ್ ಗವರ್ನರನಾಗಿದ್ದಾಗ, ಅದಕ್ಕಾಗಿ ಒಂದು ಸಮಿತಿ ಏರ್ಪಟ್ಟಿತು. 1822ರಲ್ಲಿ ಆ ಶಾಖೆ ಸ್ವತಂತ್ರ ಸಂಸ್ಥೆಯಾಯಿತು. 1840ರಲ್ಲಿ ಅದರ ಕಾರ್ಯ ಸರಕಾರದ ಶಿಕ್ಷಣ ಮಂಡಳಿಗೆ ಸಂದಿತು. ಧಾರವಾಡ, ಬೆಳಗಾವಿಗಳ ಸರಕಾರಿ ಶಾಲೆಗಳೂ ಹೀಗೆ ಮುಂಬಯಿಯ ಆಡಳಿತಕ್ಕೇ ಒಳಪಟ್ಟುವು. ಅನಾಥ ಮಕ್ಕಳಿಗಾಗಿ ಹುಟ್ಟಿದ ಸೊಸೈಟಿಯಿಂದ ಕವಲೊಡೆದ ಈ ಶಾಖೆಯು ಮೂಲಕ್ಕಿಂತ ಎಷ್ಟೋ ಪಾಲು ವಿಸ್ತಾರವಾಗಿ ಬೆಳೆಯಿತೆಂಬುದು ನಿರ್ವಿವಾದ.

ಇತ್ತ, 1853ರಲ್ಲಿ ಠಾಣೆಯ ರೈಲುಮಾರ್ಗ ಬೈಕಲಾವನ್ನು ಹಾದುಹೋಯಿತು. ಅದರ ಬೆನ್ನಿಗೇ ಹತ್ತಿಯ ಗಿರಣಿಗಳು ತಲೆಯೆತ್ತಿದುವು. ಹೊರವಲಯವಾಗಿದ್ದ ಊರು ನಗರದ ಹೊಟ್ಟೆಯೊಳಗೆ ಸೇರಿಹೋಯಿತು. ವಸತಿಶಾಲೆಗೆ ಬೇಕಾದ ನಿರ್ಮಲವಾಯುವನ್ನೂ ಬಯಲನ್ನೂ ಅರಸಿ, ಸೊಸೈಟಿಯು ನಾಸಿಕದ ಸಮೀಪದ ದೇವಳಾಲಿಯಲ್ಲಿ ನಿವೇಶನ ಪಡೆಯಿತು. 1925ರಲ್ಲಿ ಅಲ್ಲಿ ಆರಂಭವಾದ ಶಾಲೆಗೆ ಬಾರ್ನ್ಸನ ಹೆಸರನ್ನೇ ಇಡಲಾಯಿತು. ಬೈಕಲಾದಲ್ಲಿ ಕ್ರೈಸ್ಟ್ ಚರ್ಚ್ ಶಾಲೆ ಉಳಿಯಿತು.

ಇದೇ ನಗರದಲ್ಲಿ, 1908ರಲ್ಲಿ, ಮೊಗವೀರ ವ್ಯವಸ್ಥಾಪಕ ಮಂಡಳಿಯು ರಾತ್ರಿಶಾಲೆಯನ್ನು ತೆರೆದುದನ್ನು ಇಲ್ಲಿ ಸ್ಮರಿಸಬೇಕು. ಕರಾವಳಿಯಿಂದ ಬಂದು ಹಗಲೆಲ್ಲ ದುಡಿಯುತ್ತಿದ್ದ ನಮ್ಮ ಹುಡುಗರೂ ತಾಯ್ತಂದೆಯರನ್ನು ಅಗಲಿದವರೇ. ಅವರಲ್ಲಿ ಅನೇಕರಿಗೆ ದುಡಿಯುವ ಹೋಟೆಲೇ ವಸತಿಗೃಹವಾಗಿತ್ತು. ಆಂಗ್ಲ ಶಾಲೆಯ ಇತಿಹಾಸಕ್ಕೆ ಸೊಸೈಟಿಯ ವರದಿಗಳು ಆಧಾರವಾಗಿ ದೊರೆಯುತ್ತವೆ. ರಾತ್ರಿಶಾಲೆಗಳ ಹಾಜರಿಪುಸ್ತಕಗಳೂ ಲೆಕ್ಕಪತ್ರಗಳೂ ಯಾರ ಮನೆಯಲ್ಲಿ, ಯಾವ ಸಂಘದ ಕಪಾಟಿನಲ್ಲಿ ಉಳಿದಿದ್ದರೂ, ಅವುಗಳನ್ನು ಗೆದ್ದಲಿಗೆ ಬಿಡದೆ ಸಂಶೋಧಕರ ಕೈಗೆ ಒಪ್ಪಿಸಬೇಕೆಂದು ಮುಂಬಯಿಯ ಕನ್ನಡಿಗರಲ್ಲಿ ವಿಜ್ಞಾಪಿಸುತ್ತೇನೆ.