ಅಡಿಗೆಯ ಪುಸ್ತಕ ಓದುಗರನ್ನು ಹುಡುಕಿದ ದಾರಿ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿರುವ ಕಡ್ಡಿರಾಂಪುರ ಇತಿಹಾಸಾಸಕ್ತರಿಗೆ ಪರಿಚಿತವಾಗಿರುವುದು ಅಲ್ಲಿನ ಹಳೆಯ ಗೋರಿಗಳಿಂದ. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಿಂದ ಮನೆ, ಅಂಗಡಿ, ಖಾನಾವಳಿಗಳನ್ನು ತೆರವು ಮಾಡಿಸಿದಾಗ ನೆಲೆ ಕಳೆದುಕೊಂಡವರಿಗೆ ನಿವೇಶನ ಗೊತ್ತುಮಾಡಿದ್ದೂ ಇದೇ ಊರಿನಲ್ಲಿ. ಆ ಮಂಟಪಗಳ ಕಲ್ಲುಕಂಬಗಳ ಮೇಲೆ ಬಂದಿರುವ ಗ್ರಂಥಗಳು ಕಪಾಟು ತುಂಬುವಷ್ಟಿವೆ. ಅಲ್ಲಿಯೇ ಒಲೆ ಹೂಡಿ ಯಾತ್ರಿಕರಿಗೆ ಬಡಿಸಿದವರ ಕೈಯಡಿಗೆ ಮಾತ್ರ ಬಾಯಿಂದ ಬಾಯಿಗೆ ಉಳಿದುಬಂದ ವಿದ್ಯೆ. ಊರು ಬಿಟ್ಟರೆ ಅದೂ ಚದುರುತ್ತದೆ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯ ಅಕ್ಕಿ, ಜೋಳ, ಹೆಸರು, ಹುರುಳಿಗಳನ್ನು ಹೆಸರಿಸಿದ್ದಾನೆ. ಅವನ್ನು ಬೇಯಿಸುವ ಕ್ರಮ ಅವನ ವಿಷಯವಲ್ಲ. ಹಾಗೆಂದು ಕನ್ನಡಕ್ಕೆ ಪಾಕಗ್ರಂಥಗಳು ಇರಲಿಲ್ಲವೆಂದಲ್ಲ. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಮಳೆ, ಬೆಳೆ, ಪಶುವೈದ್ಯಗಳ ಜೊತೆಗೆ ಅಡಿಗೆಗೂ ಸ್ಥಾನವಿದೆ. ಕಲ್ಲಹಳ್ಳಿಯ ಮೂರನೆಯ ಮಂಗರಸ 1508ರ ಸುಮಾರಿಗೆ, ಅಂದರೆ ಕೃಷ್ಣದೇವರಾಯ ಪಟ್ಟಕ್ಕೆ ಬರುವ ಹೊತ್ತಿನಲ್ಲಿ, 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿದ. ಜೈನಕವಿಯಾದ್ದರಿಂದ ಅದು ಶುದ್ಧ ಸಸ್ಯಾಹಾರದ ಕೃತಿ. ಆತ ಸ್ವತಃ ಪಾಳೆಯಗಾರ. ಬರೆದದ್ದನ್ನು ಯಾರು ಪ್ರಕಟಿಸುತ್ತಾರೆಂಬ ಚಿಂತೆ ಅವನಿಗಿದ್ದಿರಲಾರದು.

ಓಲೆಗರಿಯ ಕಾಲದಲ್ಲಿ ಪ್ರಕಟಣೆಯೆಂದರೆ ಪ್ರತಿ ಮಾಡಿಸುವುದು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ಕ್ಕೆ 1000 ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಧರ್ಮಕಾರ್ಯವೆಂದು. ಸಾರಿನ ಹದ ಹೇಳುವ ಓಲೆಗೆ ಅಂಥ ದಾನಿಗಳು ದೊರೆಯುವುದು ಸುಲಭವಿರಲಿಲ್ಲ.

ಅಚ್ಚುಯಂತ್ರ ಬಂದ ಮೇಲೆ ಲೇಖಕನೇ ದಾನಿಯಾಗಬೇಕಾಯಿತು. 1913ರಲ್ಲಿ ನಂಜನಗೂಡು ತಿರುಮಲಾಂಬ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ತೆರೆದು ತಮ್ಮ ಕೃತಿಗಳನ್ನು ತಾವೇ ಹೊರತಂದರು. ಬಾಲವಿಧವೆಯೊಬ್ಬರು ಪ್ರಕಾಶಕಿಯಾಗುವುದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಮನೆಯೊಳಗಿನ ಹೆಂಗಸರೂ ಓದುಗರೆಂಬುದನ್ನು ಪುಸ್ತಕೋದ್ಯಮಕ್ಕೆ ತೋರಿಸಿದವರಲ್ಲಿ ಅವರು ಮೊದಲಿಗರು. ವಿಜಯನಗರ ಸ್ಥಾಪನೆಯ ಕಥೆಯುಳ್ಳ 'ಮಾಧವ ಕರುಣಾವಿಲಾಸ'ದ ಕರ್ತೃ ಗಳಗನಾಥರಂತೂ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕಾದಂಬರಿಗೇ ಈ ಪಾಡಾದರೆ ಅಡಿಗೆಯ ಪುಸ್ತಕದ ಗತಿಯೇನು?

ನಿಜಕ್ಕೂ ಅಡಿಗೆಯ ಪುಸ್ತಕಕ್ಕೆ ಅನುಕೂಲವೂ ಇದೆ, ತೊಡಕೂ ಇದೆ. ಅದನ್ನು ಕೊಳ್ಳುವವರು ವಿಮರ್ಶೆಗೆ ಕಾಯುವುದಿಲ್ಲ. ನೆರೆಮನೆಯಲ್ಲಿ ಅರಿಸಿನದ ಕಲೆಯಾದ ಪ್ರತಿಯನ್ನು ಕಂಡು ಕೇಳುತ್ತಾರೆ. ಆದರೆ ನಗರದ ದೊಡ್ಡ ಪ್ರಕಾಶಕರಿಗೆ ಬೇಕಾದದ್ದು ಎಲ್ಲ ಜಿಲ್ಲೆಗೂ ಸಲ್ಲುವ ಅಡಿಗೆ. ಗುರೆಳ್ಳು ಪುಡಿ, ಜೋಳದ ಸಂಗಟಿ, ಒಗ್ಗರಣೆ ಮಂಡಕ್ಕಿಗಳ ಒಂದು ಸೀಮೆಯ ಪುಸ್ತಕವೆಂದರೆ ಅವರು ಹಿಂಜರಿಯುತ್ತಾರೆ. ಬರೆಯುವ ಕಷ್ಟ ಬೇರೆ. ಹಿಡಿ, ಚಿಟಿಕೆ, ಬೊಗಸೆಗಳ ಕೈಯಳತೆಯನ್ನು ಚಮಚಕ್ಕೆ ಇಳಿಸಬೇಕು; 'ರುಚಿಗೆ ತಕ್ಕಷ್ಟು' ಎಂದು ಜಾರಿಕೊಂಡರೆ ಹೊಸಬರಿಗೆ ಏನೂ ತಿಳಿಯದು.

ಇಂಥ ಸೀಮೆಯ ಪುಸ್ತಕಕ್ಕೆ ಒದಗುವುದು ಸಣ್ಣ ಪ್ರಕಾಶನವೇ. ಬಳ್ಳಾರಿಯ ಲೋಹಿಯಾ ಪ್ರಕಾಶನ ರಾಜಧಾನಿಯಿಂದ ದೂರವಿದ್ದೇ ನಾಡಿನಾದ್ಯಂತ ಓದುಗರನ್ನು ಪಡೆಯಿತು. ಕಡ್ಡಿರಾಂಪುರಕ್ಕೆ ಸಮೀಪದಲ್ಲೇ 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯಕ್ಕೆ ತನ್ನದೇ ಪ್ರಸಾರಾಂಗವಿದೆ. ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದವರು ಸಾಮಾನ್ಯವಾಗಿ ನೆಚ್ಚುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. ಅದು ಆಯ್ಕೆ ಸಮಿತಿಯ ಕೈಯಲ್ಲಿದೆ, ಹಣ ಕೈಸೇರುವುದೂ ತಡ. ಅಲ್ಲಿಯವರೆಗೆ ಅಚ್ಚಿನವನ ಬಾಕಿ ತೀರಬೇಕೆಂದರೆ ವಿರೂಪಾಕ್ಷನ ತೇರಿನ ದಿನ ಮಿರ್ಚಿ, ಮಂಡಕ್ಕಿಯ ಅಂಗಡಿಗಳ ಪಕ್ಕದಲ್ಲೇ ಪುಸ್ತಕವನ್ನೂ ಹರವಿ ಕೂರಬೇಕು.