ಯಂತ್ರವನ್ನು ತೊರೆದ ಕೀಲಿಮಣೆ

ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಒರಗಿಸಿಟ್ಟು, ತಂತಿಯ ಹಂಗಿಲ್ಲದ ಕೀಲಿಮಣೆಯೊಂದನ್ನು ತೊಡೆಯ ಮೇಲಿರಿಸಿಕೊಂಡು, ಮನೆಯ ಲೆಕ್ಕವನ್ನೋ ದೂರದ ಊರಿನಲ್ಲಿರುವ ಮಗಳಿಗೆ ಪತ್ರವನ್ನೋ ಬರೆಯುವವರು ಇಂದು ನಮ್ಮ ನಗರಗಳಲ್ಲಿ ಅಪರೂಪದವರಲ್ಲ. ಇದನ್ನು ನಿನ್ನೆ ಮೊನ್ನೆ ಹುಟ್ಟಿದ ಸೌಕರ್ಯವೆಂದು ಭಾವಿಸುವವರೇ ಬಹುಮಂದಿ. ಆದರೆ ಒತ್ತುವ ಬೆರಳಿಗೂ ಮೂಡುವ ಅಕ್ಷರಕ್ಕೂ ನಡುವಣ ಬಂಧನವು ಒಂದೂವರೆ ಶತಮಾನ ಕಾಲ ಮೆಲ್ಲಮೆಲ್ಲನೆ ಸಡಿಲುತ್ತ ಬಂದುದರ ಫಲವಿದು. ಆ ಸಡಿಲಿಕೆಯಿಂದ ಇಂಗ್ಲಿಷಿಗೆ ದೊರೆತುದಕ್ಕಿಂತ ಅಧಿಕವಾದ ಲಾಭವು ಕನ್ನಡಕ್ಕೆ ದೊರೆಯಿತೆಂಬುದು ನನ್ನ ಮತ.

ಅಮೆರಿಕದ ಮಿಲ್ವಾಕೀ ನಗರದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವನ ಸಂಗಡಿಗರು 1868ರಲ್ಲಿ ಹಕ್ಕುಪತ್ರ ಪಡೆದು, ಅನಂತರ ರೆಮಿಂಗ್ಟನ್ ಸಂಸ್ಥೆಯು 1874ರಲ್ಲಿ ಮಾರಾಟಕ್ಕಿಳಿಸಿದ ಬೆರಳಚ್ಚು ಯಂತ್ರದಲ್ಲಿ ಕೀಲಿಯೂ ಅಚ್ಚಿನ ಮೊಳೆಯೂ ಕಾಗದವೂ ಒಂದೇ ಲೋಹಶರೀರದ ಅಂಗಗಳಾಗಿದ್ದುವು. ಆ ಸಂಸ್ಥೆಯು ಹೊಲಿಗೆಯಂತ್ರಗಳನ್ನೂ ತಯಾರಿಸುತ್ತಿದ್ದುದರಿಂದಲೇ ಏನೋ, ಸಾಲು ಮುಗಿದಾಗ ಕಾಗದದ ಉರುಳೆಯನ್ನು ಹಿಂದಕ್ಕೆ ತರಲು ಅದಕ್ಕೆ ಕಾಲಿನಿಂದ ತುಳಿಯುವ ಹಲಗೆಯೊಂದಿದ್ದಿತು!

ಇಪ್ಪತ್ತಾರು ಅಕ್ಷರಗಳ ಭಾಷೆಗೆಂದು ಹುಟ್ಟಿದ ಈ ಯಂತ್ರಕ್ಕೆ ಕನ್ನಡವನ್ನು ಒಗ್ಗಿಸುವುದು ಎಷ್ಟು ಕಠಿನವಾದ ಕಾರ್ಯವಾಗಿದ್ದಿರಬೇಕೆಂಬುದನ್ನು, ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಬಲ್ಲ ಯಾರೇ ಆದರೂ ಊಹಿಸಬಲ್ಲರು. ಒಂದೊಂದು ಕೀಲಿಗೆ ಎರಡೆರಡು ಚಿಹ್ನೆಗಳಂತೆ, ಇಡೀ ಯಂತ್ರದಲ್ಲಿ ದೊರೆಯುತ್ತಿದ್ದುದು ತೊಂಬತ್ತರ ಆಸುಪಾಸಿನ ಸ್ಥಾನಗಳು. ಅಷ್ಟರಲ್ಲಿಯೇ ಸ್ವರ, ವ್ಯಂಜನ, ಗುಣಿತಚಿಹ್ನೆ, ಒತ್ತು, ಅಂಕಿ, ವಿರಾಮಚಿಹ್ನೆಗಳೆಲ್ಲ ಅಡಗಬೇಕು. ಕನ್ನಡ ಬೆರಳಚ್ಚಿನ ಕೀಲಿವಿನ್ಯಾಸವನ್ನು ರೂಪಿಸಿದ ಕೀರ್ತಿಗೆ ಪಾತ್ರರಾದ ಅನಂತ ಸುಬ್ಬರಾಯರ ಸಾಧನೆಯನ್ನು ಈ ಇಕ್ಕಟ್ಟಿನ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಕೆಲವು ಕೀಲಿಗಳನ್ನು ಒತ್ತಿದಾಗ ಉರುಳೆಯು ಮುಂದೆ ಸರಿಯದೆ ನಿಂತಲ್ಲಿಯೇ ನಿಲ್ಲುವಂತೆ ಏರ್ಪಡಿಸಿ, ಒಂದೇ ಸ್ಥಳದಲ್ಲಿ ಮೂಲಾಕ್ಷರವನ್ನೂ ಅದಕ್ಕೆ ಅಂಟುವ ಚಿಹ್ನೆಯನ್ನೂ ಮೂಡಿಸುವ ಉಪಾಯವು ಜಾಣ್ಮೆಯದೇ ಆದರೂ, ಅಕ್ಷರದ ಚೆಲುವು ಅದರಿಂದ ಬಹುಮಟ್ಟಿಗೆ ನಲುಗಿತು. ಹಳೆಯ ಕಚೇರಿ ಕಡತಗಳಲ್ಲಿ ತಲೆಕಟ್ಟಿನಿಂದ ಬೇರ್ಪಟ್ಟು ತೇಲುವ ಗುಡಿಸುಗಳನ್ನು ಕಂಡವರಿಗೆ ಇದರ ವಿವರಣೆ ಬೇಕಿಲ್ಲ.

ವಿದ್ಯುತ್ತು ಬಂದಮೇಲೆ ಬಂಧನವು ಸಡಿಲಿತು. ಟೆಲಿಪ್ರಿಂಟರಿನಲ್ಲಿ ಕೀಲಿಯೊಂದೂರಿನಲ್ಲಿ, ಕಾಗದವೊಂದೂರಿನಲ್ಲಿ. 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಕೀಲಿಮಣೆಯು ಸುರುಳಿತಂತಿಯೊಂದರ ತುದಿಯ ಸ್ವತಂತ್ರ ಫಲಕ. ಆ ತಂತಿಯನ್ನೂ ಕಡಿದೊಗೆದು ಗೃಹಸ್ಥನ ಮಡಿಲಿಗೆ ಕೀಲಿಮಣೆಯನ್ನು ತಂದಿಡುವ ಸಾಹಸವನ್ನು ಅದೇ ಸಂಸ್ಥೆಯು 1983ರ ನವೆಂಬರಿನಲ್ಲಿ ಪ್ರಕಟಿಸಿದ ಪಿಸಿಜೂನಿಯರ್ ಎಂಬ ಮನೆಬಳಕೆಯ ಯಂತ್ರದಲ್ಲಿ ಕೈಗೊಂಡಿತು. ಅದರ ಕೀಲಿಗಳು ಅವಕೆಂಪು ಕಿರಣಗಳ ಮೂಲಕ ಸಂದೇಶ ಕಳುಹಿಸುತ್ತಿದ್ದುವು. ಆದರೆ ಕಿರಣವು ನೇರದೃಷ್ಟಿಯ ಹಾದಿಯನ್ನೇ ಬಯಸುವುದರಿಂದ ನಡುವೆ ಏನಾದರೂ ಅಡ್ಡಬಂದರೆ ಅಕ್ಷರವೂ ಇಲ್ಲ. ಹತ್ತಿರದಲ್ಲಿ ಮತ್ತೊಂದು ಅಂಥದೇ ಯಂತ್ರವಿದ್ದರೆ ಒಬ್ಬರ ಬರೆಹ ಇನ್ನೊಬ್ಬರ ಪರದೆಯಲ್ಲಿ ಮೂಡುವ ಸಂಭವವೂ ಉಂಟು. ಸಾಲದೆಂಬಂತೆ ಕೀಲಿಗಳು ಬಿಡಿಬಿಡಿಯಾದ ಚಿಕ್ಕ ಗುಂಡಿಗಳು. ಜನ ಗೊಣಗಿದರು, ಮರುವರ್ಷವೇ ಸಂಸ್ಥೆಯು ಬೇರೆ ಕೀಲಿಮಣೆಯನ್ನು ಉಚಿತವಾಗಿ ಒದಗಿಸಿತು, 1985ರಲ್ಲಿ ಯಂತ್ರದ ತಯಾರಿಕೆಯೇ ನಿಂತಿತು. ಆಶಯವು ಸರಿಯಾಗಿದ್ದು ಸಾಧನವು ಅಪಕ್ವವಾಗಿದ್ದುದೇ ಈ ಸೋಲಿಗೆ ಕಾರಣವೆಂದು ನಾನು ತಿಳಿಯುತ್ತೇನೆ.

ಪಕ್ವವಾದ ಸಾಧನವು ಸ್ವೀಡನ್ ದೇಶದಿಂದ ಬಂದಿತು. ಎರಿಕ್‌ಸನ್ ಸಂಸ್ಥೆಯಲ್ಲಿ 1994ರಲ್ಲಿ ಆರಂಭವಾಗಿ, 1998ರಲ್ಲಿ ಐದು ಸಂಸ್ಥೆಗಳ ಒಕ್ಕೂಟವು ಕೈಗೆತ್ತಿಕೊಂಡ ಬ್ಲೂಟೂತ್ ಎಂಬ ರೇಡಿಯೋ ಪದ್ಧತಿಗೆ ನೇರದೃಷ್ಟಿಯ ಹಾದಿ ಬೇಕಿಲ್ಲ. ಅದರ ಮೂಲರೂಪದಲ್ಲಿ ಸಂದೇಶವು 79 ತರಂಗಪಥಗಳ ನಡುವೆ ಕ್ಷಣಕ್ಷಣಕ್ಕೂ ಜಿಗಿಯುತ್ತಿರುವುದರಿಂದ ನೆರೆಯ ಯಂತ್ರದೊಡನೆ ಗೊಂದಲವೂ ವಿರಳ. ಅಷ್ಟರಲ್ಲಿ 2010ರಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಬಂದು, ಕೀಲಿಯೇ ಇಲ್ಲದ ಬರಿಯ ಗಾಜಿನ ಫಲಕವು ಮನೆಮನೆಯನ್ನು ಹೊಕ್ಕಿತು. ಗಾಜನ್ನು ತಟ್ಟಿ ನಾಲ್ಕು ಮಾತು ಬರೆಯಬಹುದು; ನಾಲ್ಕು ಪುಟ ಬರೆಯಹೊರಟರೆ ಅರ್ಧ ಪರದೆಯನ್ನು ಚಿತ್ರದ ಕೀಲಿಮಣೆಯೇ ನುಂಗಿರುತ್ತದೆ, ಬೆರಳಿಗೆ ತಡಕಿ ತಿಳಿಯಲು ಅಂಚೆಂಬುದೂ ಇರುವುದಿಲ್ಲ. ಅದೇ ಐಪ್ಯಾಡಿಗೆ ಬ್ಲೂಟೂತ್ ಕೀಲಿಮಣೆಯನ್ನು ಹೊಂದಿಸುವ ಏರ್ಪಾಡು ಮೊದಲಿನಿಂದಲೂ ಇದ್ದುದನ್ನು ನೋಡಿದರೆ, ತಯಾರಕರಿಗೂ ಈ ಕೊರತೆ ತಿಳಿದಿದ್ದಿತೆಂದೇ ಹೇಳಬೇಕು.

ಇನ್ನು ಕನ್ನಡದ ಲಾಭ. ಬೇರ್ಪಟ್ಟ ಕೀಲಿಮಣೆಯು ಅಕ್ಷರವನ್ನು ಕಳುಹಿಸುವುದೇ ಇಲ್ಲ. ಎಷ್ಟನೆಯ ಕೀಲಿ ಒತ್ತಲ್ಪಟ್ಟಿತೆಂಬ ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. ಅದು ಇಂಗ್ಲಿಷೋ ಕನ್ನಡವೋ ಎಂಬುದನ್ನು ನಿರ್ಣಯಿಸುವುದೂ, ಒತ್ತನ್ನು ಎಲ್ಲಿ ಕೂಡಿಸಬೇಕೆಂಬುದನ್ನು ಅರಿತು ಅಕ್ಷರವನ್ನು ಸುಂದರವಾಗಿ ಕಟ್ಟುವುದೂ ಅತ್ತಕಡೆಯ ಯಂತ್ರದ ಹೊಣೆ. ಆದುದರಿಂದಲೇ ಬೆರಳಚ್ಚು ಯಂತ್ರದ ಕಾಲದ ಇಕ್ಕಟ್ಟು ಒಮ್ಮೆಗೇ ಕರಗಿಹೋಯಿತು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು 26 ಇಂಗ್ಲಿಷ್ ಅಕ್ಷರಕೀಲಿಗಳೊಳಗೇ ಇಡೀ ಕನ್ನಡ ವರ್ಣಮಾಲೆಯನ್ನು ಉಚ್ಚಾರಣೆಗನುಸಾರವಾಗಿ ಅಳವಡಿಸಿ, ‘ಕೆ’ ಕೀಲಿಗೆ ಕಕಾರ, ಶಿಫ್ಟಿನೊಡನೆ ಖಕಾರ, ‘ಎಫ್’ ಒತ್ತಿದರೆ ವ್ಯಂಜನಗಳು ಕೂಡಿ ಒತ್ತಕ್ಷರ ಎಂಬ ಸರಳ ಕ್ರಮವನ್ನು ರಚಿಸಿದರು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶದ ಮೂಲಕ ಅದನ್ನು ಉಚಿತವಾಗಿ ಹಂಚಿದರು. ಮುಂದೆ ಕರ್ನಾಟಕ ಸರ್ಕಾರವು ಶಿಷ್ಟವೆಂದು ಅಂಗೀಕರಿಸಿದ ವಿನ್ಯಾಸಕ್ಕೂ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೂ ಇದೇ ಬುನಾದಿ. ಕೀಲಿಗಳ ಮೇಲೆ ಒಂದಾದರೂ ಕನ್ನಡ ಅಕ್ಷರ ಅಚ್ಚಾಗಿಲ್ಲವೆಂದು ಕೊರಗುವವರಿದ್ದಾರೆ. ಬೆರಳಿಗೆ ಸ್ಥಾನ ರೂಢಿಯಾದವನು ಕೀಲಿಯನ್ನು ನೋಡುವುದಿಲ್ಲವಾದ್ದರಿಂದ ಅದೊಂದು ದೊಡ್ಡ ಕೊರತೆಯೆಂದು ನನಗೆ ತೋರುವುದಿಲ್ಲ.

ಕೊರತೆಯಿರುವುದು ಬೇರೆಡೆ. ಪರದೆಯ ಮೇಲಿನ ಕೀಲಿಮಣೆಗೆ ಕನ್ನಡವನ್ನು ಆರಿಸಿದ ಮಾತ್ರಕ್ಕೆ ಹೊರಗಿನ ಕೀಲಿಮಣೆಯೂ ಕನ್ನಡವನ್ನು ಬರೆಯುವುದೆಂಬ ಭರವಸೆಯಿಲ್ಲ. ಅನೇಕ ಟ್ಯಾಬ್ಲೆಟ್ಟುಗಳಲ್ಲಿ ಇವೆರಡರ ವಿನ್ಯಾಸವನ್ನು ಬೇರೆಬೇರೆಯಾಗಿಯೇ ನಿಗದಿಪಡಿಸಬೇಕಾಗುತ್ತದೆ. ಆದಕಾರಣ ಕೀಲಿಮಣೆಯನ್ನು ಕೊಳ್ಳಹೊರಟ ವಾಚಕರು ತಮ್ಮ ಟ್ಯಾಬ್ಲೆಟ್ಟನ್ನು ಅಂಗಡಿಗೇ ಒಯ್ದು, ‘ರಾಷ್ಟ್ರ’ ಎಂಬ ಒಂದು ಪದವನ್ನು ಆ ಕೀಲಿಮಣೆಯಿಂದಲೇ ಬರೆದು ನೋಡಿ, ಒತ್ತುಗಳೆರಡೂ ಸರಿಯಾಗಿ ಮೂಡಿದ ಮೇಲೆಯೇ ಹಣ ಕೊಡುವುದು ಒಳ್ಳೆಯದು.